ಸೆಕೆಂಡ್ ಹ್ಯಾಂಡ್ ಕ್ಯಾರವಾನ್: ತಪಾಸಣೆ ವರದಿಯ ದೋಷಗಳಿಗೆ ಮೂಲ ಕಾರಣ ಹುಡುಕುವುದು ಹೇಗೆ

ಶಿವಮೊಗ್ಗದಲ್ಲಿ ಮಾರಾಟಕ್ಕಿದ್ದ ಒಂದು ಕ್ಯಾರವಾನ್‌ನ ತಪಾಸಣೆ ವರದಿ ಈಚೆಗೆ ನನ್ನ ಕೈಗೆ ಬಂತು. ಟಿಟಿ (ಟೆಂಪೋ ಟ್ರಾವೆಲರ್) ಗಾಡಿಯನ್ನು ಮನೆಯ ಹಾಗೆ ಮಾಡಿಸಿದ್ದು. ಹಿಂದೆ ಮಂಚ, ನಡುವೆ ಅಡುಗೆ ಕಟ್ಟೆ, ಪಕ್ಕದಲ್ಲಿ ಪುಟ್ಟ ಬಚ್ಚಲು. ತಗೊಳ್ಳಲು ಹೊರಟವರು ತೀರ್ಥಹಳ್ಳಿ ಕಡೆಯ ಪರಿಚಯದವರು, ಮನೆಯಲ್ಲಿ ಇಬ್ಬರು ಮಕ್ಕಳು. ಗ್ಯಾರೇಜಿನವರು ಬರೆದುಕೊಟ್ಟ ಹಾಳೆಯಲ್ಲಿ ಇದ್ದದ್ದು ಇಷ್ಟು: ಹಿಂದಿನ ಬ್ರೇಕ್ ವೀಕ್. ಗಾಡಿ ಎಡಕ್ಕೆ ವಾಲಿದೆ. ಟಯರ್ ಹಳೇದು. ಬಚ್ಚಲ ಹತ್ತಿರ ನೆಲ ಮೆತ್ತಗಿದೆ. ಹಿಂದಿನ ಸೀಟ್ ಬೆಲ್ಟ್ ಅಲ್ಲಾಡುತ್ತದೆ. ಗ್ಯಾಸ್ ವಾಸನೆ. ವೈರಿಂಗ್ ಸರಿಯಿಲ್ಲ. ಬಾಡಿ ಮುಟ್ಟಿದರೆ ಜುಂ ಅನ್ನುತ್ತದೆ. ವೈಪರ್ ಬ್ಲೇಡ್ ಬದಲಿಸಬೇಕು.

ಗ್ಯಾಸ್ ವಾಸನೆಗೂ ಒಂದು ಸಾಲು, ವೈಪರ್ ಬ್ಲೇಡಿಗೂ ಒಂದು ಸಾಲು. ಇದನ್ನು ಓದಿದವರಿಗೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಚೌಕಾಸಿ ಮಾಡಬೇಕು ಅಂತ ಗೊತ್ತಾಗುವುದಾದರೂ ಹೇಗೆ? ಮಾರುವವರು "ಇವೆಲ್ಲ ಮಾಮೂಲು ಮಾರಾಯ್ರೇ, ಒಂದು ವಾರದ ಕೆಲಸ" ಅಂದರು. ತಗೊಳ್ಳುವವರ ಮನೆಯಲ್ಲಿ ಬೇಡವೇ ಬೇಡ ಅಂದರು. ಇಬ್ಬರೂ ಗಾಡಿಯ ಹತ್ತಿರ ಹೋಗಿ ಒಂದೊಂದೇ ಸಾಲನ್ನು ಬಿಡಿಸಿ ನೋಡಿರಲಿಲ್ಲ.

ವರದಿಯಲ್ಲಿ ಬರೆಯುವುದು ಲಕ್ಷಣ ಮಾತ್ರ. ನಮ್ಮ ಮಲೆನಾಡಿನಲ್ಲಿ ಜ್ವರ ಅಂದರೆ ಬರೀ ನೆಗಡಿಯೂ ಆಗಿರಬಹುದು, ಮಂಗನ ಕಾಯಿಲೆಯೂ ಆಗಿರಬಹುದು, ಹಾಗೆಯೇ "ಬ್ರೇಕ್ ವೀಕ್" ಅನ್ನುವುದರ ಹಿಂದೆ ಲೈನರ್ (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ) ಸವೆದಿರಬಹುದು ಅಥವಾ ಇಡೀ ಗಾಡಿಯೇ ಚಾಸಿ, ಅಂದರೆ ಗಾಡಿಯ ಉಕ್ಕಿನ ಚೌಕಟ್ಟು, ಹೊರುವುದಕ್ಕಿಂತ ಭಾರ ಆಗಿರಬಹುದು. ಮೊದಲನೆಯದಕ್ಕೆ ಅರ್ಧ ದಿನದ ಕೆಲಸ. ಎರಡನೆಯದಕ್ಕೆ ಒಳಗಿನ ಮರಗೆಲಸ ಎಲ್ಲ ಕಿತ್ತು ಮತ್ತೆ ಮಾಡಬೇಕು. ನಾನು ನೋಡಿದ ಮಟ್ಟಿಗೆ ಇಂಥ ಗಾಡಿಗಳ ಉದ್ದನೆಯ ದೋಷಪಟ್ಟಿಯ ಹಿಂದೆ ಬಹಳ ಸಲ ಇರುವುದು ಎರಡೇ ಕಾರಣ. ಒಂದು ತೂಕ, ಇನ್ನೊಂದು ನೀರು. ಅದಕ್ಕೇ ಪರೀಕ್ಷೆಯನ್ನು ವರದಿ ಬರೆದ ಕ್ರಮದಲ್ಲಿ ಮಾಡಬೇಡಿ. ಗ್ಯಾಸ್ ಮಾತ್ರ ಬೇರೆ ಜಾತಿ, ಅದು ಎಲ್ಲಕ್ಕಿಂತ ಮೊದಲು.

ಗ್ಯಾಸ್ ವಾಸನೆ

ವರದಿಯಲ್ಲಿ ಈ ಮಾತಿದ್ದರೆ ಗಾಡಿಯೊಳಗೆ ಹೋಗಿ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಲೈಟ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಬಾಗಿಲು ಕಿಟಕಿ ತೆಗೆಯಿರಿ, ಸಿಲಿಂಡರ್ ವಾಲ್ವ್ ಮುಚ್ಚಿ, ಹೊರಗೆ ಬಂದು ಸುಮಾರು ಹೊತ್ತು ಬಿಡಿ. ವಾಲ್ವ್ ಮುಚ್ಚಿದರೂ ವಾಸನೆ ಜೋರಾಗಿಯೇ ಬರುತ್ತಿದ್ದರೆ ಎಲ್ಲರೂ ದೂರ ಹೋಗಿ 1906ಕ್ಕೆ ಫೋನ್ ಮಾಡಿ. ಅದು ಎಲ್‌ಪಿಜಿ ಸೋರಿಕೆಗೆಂದೇ ಇರುವ ಸಹಾಯವಾಣಿ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ್ದು ಮೇಲೆ ಹೋಗುವುದಿಲ್ಲ, ನೆಲಕ್ಕೆ ಇಳಿಯುತ್ತದೆ. ಕ್ಯಾರವಾನ್‌ನಲ್ಲಿ ನೆಲಮಟ್ಟದಲ್ಲಿ ಏನಿರುತ್ತದೆ ನೋಡಿ: ಮಂಚದ ಕೆಳಗಿನ ಗೂಡು, ಅದರೊಳಗೆ ಬ್ಯಾಟರಿ, ಇನ್ವರ್ಟರ್, ನೀರಿನ ಪಂಪು. ಗಾಳಿಯಲ್ಲಿ ಶೇಕಡಾ 2ರಷ್ಟು ಗ್ಯಾಸ್ ಸೇರಿದರೆ ಹತ್ತಿಕೊಳ್ಳಲು ಸಾಕು. ಪಂಪಿನ ಸ್ವಿಚ್ಚಿನ ಒಂದು ಕಿಡಿ ಆ ಕೆಲಸ ಮಾಡುತ್ತದೆ.

ಗಾಳಿಯಾಡಿದ ಮೇಲೆ ಸೋಪಿನ ನೀರು, ಬ್ರಷ್ ಹಿಡಿದು ಶುರು ಮಾಡಿ. ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಇನ್ನೂ ಕೆಲವರಿಗಿದೆ, ಅಂಥವರನ್ನು ಗಾಡಿಯ ಹತ್ತಿರ ಬಿಡಬೇಡಿ. ವಾಲ್ವ್ ತೆಗೆದು, ಒಲೆಯ ನಾಬ್ ಮುಚ್ಚಿಟ್ಟು, ರೆಗ್ಯುಲೇಟರ್ ಕೂರುವ ಜಾಗ, ರಬ್ಬರ್ ಪೈಪಿನ ಎರಡೂ ತುದಿ, ಕಟ್ಟೆಯ ಹಿಂದೆ ಅಡಗಿರುವ ಜಾಯಿಂಟುಗಳು, ಕೊನೆಗೆ ನಾಬ್‌ಗಳ ಬುಡ, ಈ ಸಾಲಿನಲ್ಲಿ ಸೋಪು ಹಚ್ಚುತ್ತಾ ಹೋಗಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಪೈಪಿನ ಮೇಲೆ ಅಚ್ಚಾಗಿರುವ ಅವಧಿ ಓದಿ, ಕಿತ್ತಳೆ ಬಣ್ಣದ ಸುರಕ್ಷಾ ಪೈಪಿಗೂ ಆಯುಸ್ಸು 5 ವರ್ಷ ಮಾತ್ರ. ರಸ್ತೆಯ ಮೇಲೆ ಕುಲುಕಾಡುವ ಗಾಡಿಯಲ್ಲಿ ಪೈಪು ಎಲ್ಲಾದರೂ ತಗಡಿನ ಅಂಚಿಗೆ ಉಜ್ಜಿದ್ದರೆ ಅವಧಿ ಬಾಕಿ ಇದ್ದರೂ ಬದಲಿಸಿ.

ಸೋಪಿನಲ್ಲಿ ಎಲ್ಲೂ ಗುಳ್ಳೆ ಬರಲಿಲ್ಲ, ಆದರೂ ವಾಸನೆ ಇದೆ ಅಂದರೆ ಸಿಲಿಂಡರನ್ನೇ ಹೊರಗಿಟ್ಟು ಮತ್ತೆ ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಹಾಗೇ ಉಳಿದಿದ್ದರೆ ಅದು ಬ್ಯಾಟರಿಯದ್ದು ಇರಬಹುದು. ಲೆಡ್ ಆಸಿಡ್ ಬ್ಯಾಟರಿಗೆ ಚಾರ್ಜ್ ಮಿತಿಮೀರಿದಾಗ ಹೊರಡುವ ವಾಸನೆಯನ್ನು ಗ್ಯಾಸ್ ಅಂದುಕೊಳ್ಳುವವರು ಬಹಳ ಜನ. ಅದೂ ಅಪಾಯವೇ, ಏಕೆಂದರೆ ಜೊತೆಗೆ ಹೈಡ್ರೋಜನ್ ಬರುತ್ತಿರುತ್ತದೆ. ಚಾರ್ಜರ್ ಬಂದ್ ಮಾಡಿ. ಹುಡುಕಬೇಕಾದ ಜಾಗ ಈಗ ಚಾರ್ಜರ್ ಕಡೆಗೆ ತಿರುಗಿತು, ಅಷ್ಟೇ.

ಪೈಪು, ರೆಗ್ಯುಲೇಟರ್ ಬದಲಿಸುವುದು ಸಣ್ಣ ಖರ್ಚು. ಆದರೆ ಸಿಲಿಂಡರ್ ಇಡುವ ಗೂಡಿನ ಬಗ್ಗೆ ನಾನು ರಾಜಿ ಆಗುವುದಿಲ್ಲ. ಆ ಗೂಡು ಮಲಗುವ ಜಾಗದಿಂದ ಪೂರ್ತಿ ಬೇರೆ ಇರಬೇಕು, ಬಾಗಿಲು ಹೊರಗಿನಿಂದ ತೆರೆಯಬೇಕು, ಎಲ್ಲಕ್ಕಿಂತ ಮುಖ್ಯವಾಗಿ ತಳದಲ್ಲಿ ಹೊರಗಾಳಿಗೆ ತೆರೆದ ತೂತು ಇರಬೇಕು. ಮೇಲೆ ಜಾಲರಿ ಇಟ್ಟು ಕೆಳಗೆ ಮುಚ್ಚಿದ ಗೂಡು ಇದ್ದೂ ಇಲ್ಲದ ಹಾಗೆ. ನಾನು ಹೇಳುತ್ತಿರುವ ಗಾಡಿಯಲ್ಲಿ ಸಿಲಿಂಡರ್ ಮಂಚದ ಕೆಳಗೇ ಇತ್ತು, ತೂತು ಇದ್ದದ್ದು ಮೇಲೆ, ಮಕ್ಕಳು ಮಲಗುವ ಕಡೆಗೆ. ಇದನ್ನು ಬದಲಿಸದೆ ಆ ಗಾಡಿಯಲ್ಲಿ ಒಂದು ರಾತ್ರಿಯೂ ಮಲಗಬಾರದು.

ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದನ್ನು ಕಿತ್ತು ಹಾಕಿಸಿ. ಸೋರಿಕೆ ಇಲ್ಲದಿದ್ದರೂ, ಚೆನ್ನಾಗಿ ಕೆಲಸ ಮಾಡುತ್ತಿದ್ದರೂ. ಮುಚ್ಚಿದ ಸಣ್ಣ ಜಾಗದಲ್ಲಿ ಉರಿಯುವ ಬೆಂಕಿ ಕಾರ್ಬನ್ ಮಾನಾಕ್ಸೈಡ್ ಮಾಡುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆ ಅಂತ ಗೊತ್ತಾಗುವಷ್ಟರಲ್ಲಿ ಎದ್ದು ಬಾಗಿಲು ತೆಗೆಯುವ ಶಕ್ತಿ ಇರುವುದಿಲ್ಲ. ಮನೆಯ ಬಚ್ಚಲುಗಳಲ್ಲೇ ಜನ ಹೀಗೆ ಸತ್ತಿದ್ದಾರೆ. ಮಲಗುವ ಜಾಗದಲ್ಲಿ ಒಂದು ಸಿಒ (ಕಾರ್ಬನ್ ಮಾನಾಕ್ಸೈಡ್) ಅಲಾರಂ, ನೆಲದ ಹತ್ತಿರ ಒಂದು ಗ್ಯಾಸ್ ಅಲಾರಂ ಹಾಕಿಸಿ. ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ, ಒಂದರ ಬದಲು ಇನ್ನೊಂದು ಆಗುವುದಿಲ್ಲ.

ಗಾಡಿ ಅಲ್ಲಾಡಿಸುವ ಮುಂಚೆ ಪೆಡಲ್, ಆಮೇಲೆ ವೇ ಬ್ರಿಡ್ಜ್

ಬ್ರೇಕ್ ವೀಕ್ ಅಂತ ಬರೆದ ಗಾಡಿಯನ್ನು ಸುಮ್ನೆ ರಸ್ತೆಗೆ ಇಳಿಸಬಾರದು. ನಿಂತಲ್ಲೇ ಎರಡು ಪರೀಕ್ಷೆ ಮಾಡಿ. ಎಂಜಿನ್ ಬಂದ್ ಇದ್ದಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಗಿ ಮಾಡಿ, ಕಾಲು ಹಾಗೇ ಇಟ್ಟುಕೊಂಡು ಎಂಜಿನ್ ಸ್ಟಾರ್ಟ್ ಮಾಡಿ. ವ್ಯಾಕ್ಯೂಮ್ ಬೂಸ್ಟರ್ (ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಭಾಗ) ಇರುವ ಗಾಡಿಯಲ್ಲಿ ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಅಥವಾ ಅದರ ಪೈಪಿನಲ್ಲಿ ತೊಂದರೆ. ಆಮೇಲೆ ಎಂಜಿನ್ ಓಡುತ್ತಿರುವಾಗಲೇ ಪೆಡಲನ್ನು ಒಂದೇ ಸಮ ಒತ್ತಿ ಹಿಡಿಯಿರಿ. ನಿಧಾನಕ್ಕೆ ನೆಲಕ್ಕೆ ಹೋಗುತ್ತಿದ್ದರೆ ಎಲ್ಲೋ ಆಯಿಲ್ ಸೋರುತ್ತಿದೆ ಅಥವಾ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗೇ ಕೈಕೊಟ್ಟಿದೆ. ಅಂಥ ಗಾಡಿ ಟೋ ಮಾಡಿಕೊಂಡೇ ಹೋಗಬೇಕು. ಪೆಡಲ್ ಗಟ್ಟಿ ನಿಂತರೆ ನಿಧಾನವಾಗಿ ವೇ ಬ್ರಿಡ್ಜ್‌ವರೆಗೆ ಓಡಿಸಬಹುದು.

ಅಡಿಕೆ, ಭತ್ತ ತೂಗುವ ವೇ ಬ್ರಿಡ್ಜ್ ನಮ್ಮ ಜಿಲ್ಲೆಯಲ್ಲಿ ಹುಡುಕಿಕೊಂಡು ಹೋಗಬೇಕಾದ ವಸ್ತುವಲ್ಲ. ತೂಕದ ಚೀಟಿಗೆ ಕೊಡುವ ಸಣ್ಣ ದುಡ್ಡು ಇಡೀ ತಪಾಸಣೆಯಲ್ಲೇ ಅತಿ ಲಾಭದ ಖರ್ಚು ಅಂತ ನನ್ನ ಅಭಿಪ್ರಾಯ, ಆದರೂ ಕ್ಯಾರವಾನ್ ಕೊಳ್ಳುವವರಲ್ಲಿ ಇದನ್ನು ಮಾಡಿಸುವವರು ಕಮ್ಮಿ. ಮೂರು ಸಲ ತೂಗಿಸಿ. ಇಡೀ ಗಾಡಿ, ಆಮೇಲೆ ಮುಂದಿನ ಚಕ್ರ ಮಾತ್ರ ಹಲಗೆಯ ಮೇಲೆ, ಆಮೇಲೆ ಹಿಂದಿನ ಚಕ್ರ ಮಾತ್ರ. ನೀರಿನ ಟ್ಯಾಂಕ್ ಖಾಲಿಯೋ ತುಂಬಿದೆಯೋ ಅಂತ ಚೀಟಿಯ ಹಿಂದೆ ಬರೆದಿಡಿ. ಈಗ ಚಾಸಿ ಪ್ಲೇಟ್‌ನಲ್ಲಿ ಕಂಪನಿ ಕೊಟ್ಟಿರುವ ಗರಿಷ್ಠ ತೂಕವನ್ನೂ ಆರ್‌ಸಿಯಲ್ಲಿ ಇರುವುದನ್ನೂ ಪಕ್ಕದಲ್ಲಿಟ್ಟು ನೋಡಿ.

ಉದಾಹರಣೆಗೆ ಪ್ಲೇಟ್‌ನಲ್ಲಿ 3,500 ಕೆಜಿ ಇದೆ, ಖಾಲಿ ಗಾಡಿ 3,150 ಬಂತು ಅಂದುಕೊಳ್ಳಿ. ಉಳಿದದ್ದು 350. ತಲಾ 65 ಕೆಜಿಯ ನಾಲ್ಕು ಜನ ಹತ್ತಿದರೆ 260 ಹೋಯಿತು. 80 ಲೀಟರ್ ನೀರು ಅಂದರೆ 80 ಕೆಜಿ. ಉಳಿದದ್ದು 10. ಇನ್ನು ಸಿಲಿಂಡರ್, ಹಾಸಿಗೆ, ಬಟ್ಟೆ, ಪಾತ್ರೆ, ಅಕ್ಕಿ ಎಲ್ಲ ಎಲ್ಲಿಗೆ? ಆ ಗಾಡಿ ಕಾಗದದ ಮೇಲೆ ಸರಿ ಇದ್ದರೂ ಊರು ಬಿಡುವಾಗಲೇ ಓವರ್‌ಲೋಡ್.

ಹೀಗಾಗುವುದು ಯಾಕೆ ಅಂದರೆ, ಒಳಗಿನ ಕೆಲಸವನ್ನು ಮನೆಯ ಅಡುಗೆಮನೆ ಮಾಡುವ ಬಡಗಿಗಳ ಕೈಯಲ್ಲಿ ಮಾಡಿಸಿರುತ್ತಾರೆ. ಅವರು ಮನೆಗೆ ಹಾಕುವ 18 ಎಂಎಂ ಪ್ಲೈವುಡ್ಡನ್ನೇ ಹಾಕುತ್ತಾರೆ. ಎಂಟು ಅಡಿ ನಾಲ್ಕು ಅಡಿಯ ಅಂಥ ಒಂದು ಹಲಗೆ 30 ಕೆಜಿಗಿಂತ ಜಾಸ್ತಿ ತೂಗುತ್ತದೆ. ಅದರ ಮೇಲೆ ಗ್ರಾನೈಟ್ ಕಟ್ಟೆ ಇದ್ದರಂತೂ ಮುಗಿಯಿತು. ಕೆಲಸ ಅಚ್ಚುಕಟ್ಟಾಗಿ ಕಾಣುತ್ತದೆ, ನಿಜಕ್ಕೂ ಗಟ್ಟಿಯಾಗಿಯೂ ಇರುತ್ತದೆ. ಆ ಗಟ್ಟಿತನದ ಭಾರ ಹೊರುವುದು ಮಾತ್ರ ಬ್ರೇಕು ಮತ್ತು ಟಯರು.

ವಾಲಿದ್ದು, ಬ್ರೇಕು, ಟಯರು

ತೂಕದ ಚೀಟಿ ಕೈಯಲ್ಲಿದ್ದರೆ ಈ ಮೂರು ಸಾಲುಗಳನ್ನು ಒಟ್ಟಿಗೇ ಓದಬಹುದು.

ವಾಲಿರುವುದನ್ನು ಕಣ್ಣಳತೆಯಲ್ಲಿ ನೋಡಬೇಡಿ. ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಬಾಡಿ ಅಂಚಿನವರೆಗೆ ಎಡಕ್ಕೂ ಬಲಕ್ಕೂ ಟೇಪ್ ಹಿಡಿಯಿರಿ. ನೀರಿನ ಟ್ಯಾಂಕ್ ಖಾಲಿ ಇದ್ದಾಗ ಒಂದು ಸಲ, ತುಂಬಿಸಿ ಇನ್ನೊಂದು ಸಲ. ತುಂಬಿದಾಗ ಮಾತ್ರ ವ್ಯತ್ಯಾಸ ಬಂದರೆ ಟ್ಯಾಂಕು, ಬ್ಯಾಟರಿ, ಫ್ರಿಜ್ ಎಲ್ಲ ಒಂದೇ ಪಕ್ಕಕ್ಕೆ ಇಟ್ಟಿದ್ದಾರೆ ಅಂತ ಅರ್ಥ, ಜಾಗ ಬದಲಿಸಿದರೆ ಸರಿಹೋಗುತ್ತದೆ. ಖಾಲಿ ಇದ್ದಾಗಲೂ ವಾಲಿದ್ದರೆ ಕೆಳಗೆ ಮಲಗಿ ಟಾರ್ಚ್ ಬಿಟ್ಟು ಸ್ಪ್ರಿಂಗಿನ ಲೀಫ್ ಪ್ಲೇಟ್ ನೋಡಿ. ಒಂದು ಪ್ಲೇಟ್ ಕಟ್ಟಾಗಿದ್ದರೆ ಆ ಬಿರುಕಿನಿಂದ ತುಕ್ಕಿನ ಕೆಂಪು ಗೆರೆ ಇಳಿದಿರುತ್ತದೆ. ಆ ಪ್ಲೇಟುಗಳನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್ ಸಡಿಲವಾಗಿದ್ದರೆ ಅದರ ಸುತ್ತ ಬಣ್ಣ ಉಜ್ಜಿ ಹೊಳೆಯುತ್ತಿರುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಮಲಗಬಾರದು, ಸ್ಟ್ಯಾಂಡ್ ಕೊಟ್ಟೇ ಮಲಗಬೇಕು.

ಹೊಸ ಪ್ಲೇಟ್ ಸೇರಿಸಿ ಎತ್ತರ ಮಾಡಿಕೊಡುತ್ತೇವೆ ಅಂತ ಕೆಲವರು ಹೇಳುತ್ತಾರೆ. ವಾಲಿದ್ದು ಕಾಣದ ಹಾಗೆ ಆಗುತ್ತದೆ, ನಿಜ. ಆದರೆ ಆಕ್ಸಲ್, ಬ್ರೇಕು, ಟಯರ್ ಹೊರುವ ಶಕ್ತಿ ಹಳೇದೇ. ಓವರ್‌ಲೋಡ್ ಇರುವ ಗಾಡಿಗೆ ಪ್ಲೇಟ್ ಸೇರಿಸುವುದು ಲಕ್ಷಣವನ್ನು ಮುಚ್ಚುವ ಕೆಲಸ.

ಬ್ರೇಕಿಗೆ ಬಂದರೆ, ಡ್ರಮ್ ಬಿಚ್ಚಿಸಿ ಲೈನರ್ ನೋಡುವುದು ಎಲ್ಲ ಗ್ಯಾರೇಜಿನಲ್ಲೂ ಮಾಡುತ್ತಾರೆ, ಅದರ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಹಿಂದಿನ ಬ್ರೇಕ್ ಮಾತ್ರ ವೀಕ್ ಇದ್ದು ಲೈನರ್ ಚೆನ್ನಾಗಿದ್ದರೆ ಇನ್ನೊಂದು ಜಾಗ ನೋಡಿಸಿ. ಈ ಥರದ ಗಾಡಿಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಲೋಡ್ ನೋಡಿಕೊಂಡು ಹಿಂದಿನ ಬ್ರೇಕಿನ ಒತ್ತಡ ಬದಲಿಸುವ ಒಂದು ವಾಲ್ವ್ ಇರಬಹುದು. ಗಾಡಿ ಎತ್ತರಿಸಿದಾಗ ಅಥವಾ ಸ್ಪ್ರಿಂಗ್ ಬದಲಿಸಿದಾಗ ಅದರ ಕಡ್ಡಿಯನ್ನು ಮತ್ತೆ ಹೊಂದಿಸದಿದ್ದರೆ, ಭಾರ ಪೂರ್ತಿ ಇದ್ದರೂ ಗಾಡಿ ಖಾಲಿ ಇದೆ ಅಂದುಕೊಂಡು ಅದು ಹಿಂದಕ್ಕೆ ಒತ್ತಡ ಕಮ್ಮಿ ಬಿಡುತ್ತದೆ. ಲೈನರ್ ಎಷ್ಟು ಸಲ ಬದಲಿಸಿದರೂ ಈ ದೋಷ ಹೋಗುವುದಿಲ್ಲ.

ಬ್ರೇಕ್ ಆಯಿಲ್ ಬಗ್ಗೆ ಮಲೆನಾಡಿನವರು ಇನ್ನೂ ಹೆಚ್ಚು ಗಮನ ಕೊಡಬೇಕು. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155. ಶಿವಮೊಗ್ಗ ಪೇಟೆಯಲ್ಲಿ ಓಡಿಸುವಾಗ ಈ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ಆಗುಂಬೆಯ 14 ತಿರುವುಗಳನ್ನು ತುಂಬಿದ ಗಾಡಿಯಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಗೊತ್ತಾಗುತ್ತದೆ. ಆಯಿಲ್ ಕುದಿದು ಆವಿಯಾದರೆ ಪೆಡಲ್ ಒತ್ತಿದಾಗ ಒತ್ತುವುದು ಆವಿಯನ್ನು, ಬ್ರೇಕನ್ನಲ್ಲ. ಆಯಿಲ್ ಎಂದು ಬದಲಿಸಿದ್ದು ಅಂತ ಬಿಲ್ ಕೇಳಿ. ಇಲ್ಲ ಅಂದರೆ ಬದಲಿಸಿಯೇ ಘಾಟಿ ಕಡೆ ಮುಖ ಮಾಡಿ, ಆಮೇಲೂ ಎರಡು ವರ್ಷಕ್ಕೊಮ್ಮೆ ಬದಲಿಸಿ. ಪರೀಕ್ಷೆಗೆಂದು ಘಾಟಿ ಇಳಿಯುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಹುಲಿಕಲ್ ಆಗಲಿ ಆಗುಂಬೆ ಆಗಲಿ, ಬ್ರೇಕ್ ಪರೀಕ್ಷೆ ಮಾಡುವ ಜಾಗ ಅಲ್ಲ. ಖಾಲಿ ಬಡಾವಣೆಯ ಸಮತಟ್ಟಾದ ರಸ್ತೆ ಸಾಕು.

ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಕ್ಯಾರವಾನ್‌ಗಳು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಹಾಗಾಗಿ ಟಯರಿನ ಗುಂಡಿ (ರಸ್ತೆಗೆ ತಾಗುವ ಕಡೆಯ ಅಚ್ಚು) ಹೊಸದರ ಹಾಗೇ ಇರುತ್ತದೆ, ರಬ್ಬರ್ ಮುದಿಯಾಗಿರುತ್ತದೆ. ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕಿದ್ದರೆ, ಆರೇಳು ವರ್ಷ ದಾಟಿದ್ದರೆ, ಗುಂಡಿ ಎಷ್ಟೇ ಇರಲಿ ಬದಲಿಸಿ. ಹೊಸದು ಹಾಕಿಸುವಾಗ ಲೋಡ್ ಇಂಡೆಕ್ಸ್ (ಟಯರ್ ಎಷ್ಟು ಭಾರ ಹೊರುತ್ತದೆ ಅನ್ನುವ ಸಂಖ್ಯೆ) ತೂಕದ ಚೀಟಿಗೆ ಹೊಂದಬೇಕು.

ಮೆತ್ತಗಿನ ನೆಲ, ಅಲ್ಲಾಡುವ ಬೆಲ್ಟ್

ವರದಿಯಲ್ಲಿ ಇವೆರಡೂ ದೂರ ದೂರದ ಸಾಲುಗಳು. ನಮ್ಮ ಗಾಡಿಯಲ್ಲಿ ಇವು ಒಂದೇ ದೋಷದ ಎರಡು ತುದಿ.

ಹಿಂದಿನ ಸೀಟಿನ ಕುಶನ್ ತೆಗೆದಾಗ ಬೆಲ್ಟಿನ ಬೋಲ್ಟ್ ಕಂಡಿತು. ಬೋಲ್ಟ್ ಒಳ್ಳೆಯದೇ, ತುಕ್ಕೂ ಹಿಡಿದಿರಲಿಲ್ಲ. ಅದು ಕಚ್ಚಿಕೊಂಡಿದ್ದು ಮಾತ್ರ ಪ್ಲೈವುಡ್ಡಿಗೆ, ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ವಾಷರ್. ವಾಷರಿನ ಸುತ್ತ ಕಪ್ಪು ಬಳೆ ಎದ್ದಿತ್ತು. ಸ್ಕ್ರೂ ಡ್ರೈವರ್ ತುದಿಯನ್ನು ಅಲ್ಲಿಟ್ಟು ಕೈಯಲ್ಲೇ ಒತ್ತಿದರೆ ಸದ್ದಿಲ್ಲದೆ ಒಳಗೆ ಹೋಯಿತು. ಹೊರಗೆ ಎಳೆದಾಗ ತುದಿಗೆ ಒದ್ದೆ ಪುಡಿ ಅಂಟಿಕೊಂಡಿತ್ತು. ಜೋರಾಗಿ ಬ್ರೇಕ್ ಹಾಕಿದರೆ ಆ ಬೆಲ್ಟ್ ಮಗುವನ್ನು ಹಿಡಿಯುವುದಿಲ್ಲ, ಮಗುವಿನ ಜೊತೆ ತಾನೂ ಕಿತ್ತು ಬರುತ್ತದೆ. ವರದಿಯಲ್ಲಿ ಇದಕ್ಕೆ ಒಂದೇ ಸಾಲು: ಹಿಂದಿನ ಸೀಟ್ ಬೆಲ್ಟ್ ಅಲ್ಲಾಡುತ್ತದೆ. ಬಿಗಿ ಮಾಡಿಸಿ ಅಂತ ಗ್ಯಾರೇಜಿಗೆ ಕೊಟ್ಟಿದ್ದರೆ ಬಿಗಿ ಮಾಡಿ ಕೊಡುತ್ತಿದ್ದರು, ಅಲ್ಲಿಗೆ ಕೆಲಸ ಮುಗಿಯುತ್ತಿತ್ತು.

ಬೆಲ್ಟ್ ಹಿಡಿಯಬೇಕಾದದ್ದು ಗಾಡಿಯ ಉಕ್ಕನ್ನು. ಕೆಳಗೆ ಟಾರ್ಚ್ ಬಿಟ್ಟು ನೋಡಿ, ಬೋಲ್ಟ್ ಮೂಲ ನೆಲದ ತಗಡನ್ನು ದಾಟಿ ಬಲವಾದ ಉಕ್ಕಿನ ಪ್ಲೇಟಿಗೋ ಚಾಸಿ ಅಡ್ಡಪಟ್ಟಿಗೋ ಬಂದಿರಬೇಕು. ಪ್ಲೈವುಡ್ಡಿನಲ್ಲೇ ಮುಗಿದಿದ್ದರೆ, ಮರ ಹೊಚ್ಚ ಹೊಸದಾಗಿದ್ದರೂ ಅದು ಸೀಟ್ ಬೆಲ್ಟ್ ಅಲ್ಲ. ಪಕ್ಕಕ್ಕೆ ಮುಖ ಮಾಡಿದ ಸೋಫಾಗಳಲ್ಲಿ ಗಾಡಿ ಓಡುವಾಗ ಯಾರನ್ನೂ ಕೂರಿಸಬೇಡಿ.

ಸರಿ, ಆ ನೀರು ಬಂದದ್ದು ಎಲ್ಲಿಂದ? ಇದನ್ನು ಹುಡುಕದೆ ನೆಲ ಬದಲಿಸಿದರೆ ಎರಡು ಮಳೆಗಾಲದಲ್ಲಿ ಮತ್ತೆ ಅದೇ ಕಥೆ. ಮೊದಲು ಒಳಗಿನ ನೀರೋ ಹೊರಗಿನ ನೀರೋ ಅಂತ ಬೇರೆ ಮಾಡಿ. ಟ್ಯಾಂಕ್ ತುಂಬಿಸಿ, ಪಂಪ್ ಹಾಕಿ, ಎಲ್ಲ ನಲ್ಲಿ ಮುಚ್ಚಿ, ಸುಮ್ಮನೆ ಕೂತು ಕೇಳಿ. ಯಾರೂ ನಲ್ಲಿ ಬಿಡದೆ ಪಂಪ್ ಆಗಾಗ ತಾನೇ ಗುರ್ ಅಂತ ಓಡಿ ನಿಲ್ಲುತ್ತಿದ್ದರೆ ಪೈಪಿನಲ್ಲೇ ಸೋರಿಕೆ ಇರುವ ಸಾಧ್ಯತೆ ಹೆಚ್ಚು, ಒಂದೊಂದು ಜಾಯಿಂಟನ್ನೂ ಟಿಶ್ಯೂ ಕಾಗದದಿಂದ ಒತ್ತಿ ನೋಡಿದರೆ ಸಿಗುತ್ತದೆ. ಪಂಪ್ ಸುಮ್ಮನಿದ್ದರೆ ಗಾಡಿಯ ಮಾಡು, ಅಂದರೆ ಮೇಲ್ಛಾವಣಿ, ನೋಡಿ.

ಮಾಡಿನ ಸೋರಿಕೆ ಹುಡುಕುವುದು ನಿಧಾನದ ಕೆಲಸ. ಒದ್ದೆ ಕಂಡ ಜಾಗ, ನೀರು ಒಳಬಂದ ಜಾಗ ಎರಡೂ ಒಂದೇ ಆಗಿರುವುದಿಲ್ಲ, ನೀರು ಒಳಗಿನ ಚೌಕಟ್ಟಿನ ಗುಂಟ ಎಲ್ಲಿಂದ ಎಲ್ಲಿಗೋ ಹರಿದಿರುತ್ತದೆ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಬೇಕು. ಕೆಳಗಿನಿಂದ ಶುರು ಮಾಡಿ, ಒಂದೊಂದು ಜಾಗಕ್ಕೆ ಹತ್ತು ನಿಮಿಷ ಕೊಟ್ಟು ಮೇಲೆ ಹೋಗಿ: ಮೊದಲು ಕಿಟಕಿ ಬುಡ, ಆಮೇಲೆ ಕಿಟಕಿ ಮೇಲಿನ ಅಂಚು, ಕೊನೆಗೆ ಮಾಡಿನ ಫ್ಯಾನು, ಸೋಲಾರ್ ಪ್ಯಾನಲ್ ಕಾಲುಗಳು, ಮೇಲಿನ ಜೋಡಣೆಗಳು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆಗೂ ಇಳಿದು ಏನೂ ಗೊತ್ತಾಗುವುದಿಲ್ಲ. ವಾಟರ್ ಸರ್ವಿಸ್ ಮಾಡುವ ಜೋರು ನೀರು ಬೇಡ, ಅದು ಚೆನ್ನಾಗಿರುವ ಸೀಲನ್ನೂ ಕೆಡಿಸುತ್ತದೆ.

ಇನ್ನೂ ಒಳ್ಳೆಯದು, ಪುನರ್ವಸು ಪುಷ್ಯದ ಮಳೆ ಒಂದು ರಾತ್ರಿ ಸುರಿದ ಮೇಲೆ ಬೆಳಿಗ್ಗೆ ಹೋಗಿ ಗಾಡಿ ನೋಡುವುದು. ಮಾರುವವರಿಗೆ ಮೊದಲೇ ಹೇಳಿ, ಶೆಡ್ಡಿನ ಹೊರಗೆ ನಿಲ್ಲಿಸಿರಲಿ. ಬೇಸಿಗೆಯಲ್ಲಿ ನೋಡುವುದಾದರೆ ಬೀರುಗಳ ಹಿಂಬದಿ, ಹಾಸಿಗೆಯ ತಳ ಮೂಸಿ ನೋಡಿ. ಬೂಷ್ಟು ಒರೆಸಿದರೆ ಹೋಗುತ್ತದೆ, ಅದರ ವಾಸನೆ ಅಷ್ಟು ಬೇಗ ಹೋಗುವುದಿಲ್ಲ. ಒಳಗೆ ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣವೋ ಹೊಸ ಸನ್‌ಮೈಕಾವೋ ಇದ್ದರೆ ಯಾಕೆ ಅಂತ ಕೇಳಿ.

ನೆಲದ ಪ್ಲೈ ಕೆಳಗೆ ಮೂಲ ತಗಡಿನ ನೆಲ ಇರುತ್ತದೆ. ವರ್ಷಗಟ್ಟಲೆ ಒದ್ದೆ ಪ್ಲೈ ಅದಕ್ಕೆ ಅಂಟಿಕೊಂಡಿದ್ದರೆ ತಗಡೂ ಹೋಗಿರುತ್ತದೆ. ಕೆಳಗಿನಿಂದ ಸ್ಕ್ರೂ ಡ್ರೈವರಿನಲ್ಲಿ ಒತ್ತಿ, ಸಣ್ಣ ಸುತ್ತಿಗೆಯಲ್ಲಿ ತಟ್ಟಿ ನೋಡಿ. ಕೆಳಗೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದರೆ ಖುಷಿಪಡುವ ಮುಂಚೆ ಕೆರೆದು ನೋಡಿ, ಅದರಲ್ಲೂ ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಖಂಡಿತ ನೋಡಿ. ಚಾಸಿ ರೈಲಿನಲ್ಲಿ ಪದರ ಪದರ ಏಳುವ ತುಕ್ಕು ಕಂಡರೆ ಗಾಡಿ ಬಿಟ್ಟುಬಿಡಿ. ವೆಲ್ಡಿಂಗ್ ಮಾಡಿಸಿ ಸರಿಮಾಡುತ್ತೇವೆ ಅನ್ನುವ ಮಾತಿಗೆ ಒಪ್ಪಬೇಡಿ.

ವೈರಿಂಗ್, ಶಾಕ್

"ವೈರಿಂಗ್ ಸರಿಯಿಲ್ಲ" ಅನ್ನುವುದು ವರದಿಯ ಅತಿ ಸೋಮಾರಿ ಸಾಲು. ನೀವೇ ಪ್ರಶ್ನೆ ಕೇಳಿಕೊಳ್ಳಬೇಕು. ಬ್ಯಾಟರಿ ಪ್ಲಸ್‌ನಿಂದ ಹೊರಟ ಕೇಬಲಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇದೆಯಾ? ದೂರದಲ್ಲಿದ್ದರೆ ನಡುವಿನ ಕೇಬಲ್ ಎಲ್ಲಾದರೂ ತಗಡಿಗೆ ತಾಗಿದಾಗ ಉರಿಯುವುದು ಕೇಬಲ್ಲೇ.

ಕೇಬಲ್ ದಪ್ಪ ನೋಡಿ. 1,000 ವಾಟ್ ಇನ್ವರ್ಟರ್ ಪೂರ್ತಿ ಲೋಡಿನಲ್ಲಿ 12 ವೋಲ್ಟ್ ಬ್ಯಾಟರಿಯಿಂದ 83 ಆಂಪಿಯರ್ ಎಳೆಯುತ್ತದೆ, ನಷ್ಟ ಸೇರಿಸಿದರೆ ಇನ್ನೂ ಜಾಸ್ತಿ. ಮನೆ ವೈರಿಂಗ್‌ಗೆ ತರುವ 4 ಸ್ಕ್ವೇರ್ ಎಂಎಂ ವೈರಿಗೆ ಅದು ಆಗದ ಕೆಲಸ. ಲೋಡ್ ಓಡುತ್ತಿರುವಾಗ ಮಲ್ಟಿಮೀಟರಿನಲ್ಲಿ ಬ್ಯಾಟರಿ ತುದಿಯ ವೋಲ್ಟೇಜ್, ಇನ್ವರ್ಟರ್ ತುದಿಯ ವೋಲ್ಟೇಜ್ ಎರಡನ್ನೂ ಅಳೆಯಿರಿ. ಅರ್ಧ ವೋಲ್ಟ್ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. 90 ಆಂಪಿಯರಿನಲ್ಲಿ ಆ ಅರ್ಧ ವೋಲ್ಟ್ ಅಂದರೆ 45 ವಾಟ್ ಶಾಖ, ಯಾವುದೋ ಒಂದು ಜಾಯಿಂಟಿನಲ್ಲಿ, ಹಾಸಿಗೆಯ ಕೆಳಗೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಕಾಣಬೇಕು. ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅದಕ್ಕಿಂತ ಬಹಳ ಮೇಲೆ ಹೋಗುತ್ತಿದ್ದರೆ ಮೇಲೆ ಹೇಳಿದ ಮೊಟ್ಟೆ ವಾಸನೆಗೂ ಉತ್ತರ ಸಿಕ್ಕಿತು.

ತೋಟದ ಶೆಡ್ಡಿನಲ್ಲಿ, ಅಡಿಕೆ ಚೀಲದ ಪಕ್ಕ ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಇಲಿ ಕಚ್ಚಿದ ವೈರ್ ಇದ್ದೇ ಇರುತ್ತದೆ ಅಂದುಕೊಂಡೇ ಹುಡುಕಿ. ಹಿಕ್ಕೆ ಕಂಡಲ್ಲಿ ಪ್ಯಾನಲ್ ಬಿಚ್ಚಿಸಿ.

ಬಾಡಿ ಮುಟ್ಟಿದರೆ ಜುಂ ಅನ್ನುವುದು ಯಾವಾಗ ಅನ್ನುವುದು ಮುಖ್ಯ. ಹೋಂಸ್ಟೇ ಅಂಗಳದಲ್ಲಿ ಹೊರಗಿನ ಕರೆಂಟಿಗೆ ಹಾಕಿದಾಗ ಮಾತ್ರವಾ, ಇನ್ವರ್ಟರಿನಲ್ಲಿ ಇದ್ದಾಗಲೂವಾ? ಹೊರಗಿನ ಕರೆಂಟಿನಲ್ಲಿ ಮಾತ್ರ ಅಂದರೆ ಮೊದಲು ಎಕ್ಸ್‌ಟೆನ್ಷನ್ ಬೋರ್ಡ್ ನೋಡಿ, ಎರಡು ಪಿನ್ನಿನದೋ ಅರ್ತ್ ಇಲ್ಲದ್ದೋ ಆಗಿರಬಹುದು. ಗಾಡಿ ಟಯರ್ ಮೇಲೆ ನಿಂತಿರುವುದರಿಂದ ಅರ್ತ್ ಇಲ್ಲದಿದ್ದರೆ ಸೋರಿದ ಕರೆಂಟ್ ಬಾಡಿಯಲ್ಲೇ ಉಳಿಯುತ್ತದೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲು ಹಿಡಿದವರ ಮೂಲಕ ಇಳಿಯುತ್ತದೆ. ಒಳಗಿನ ಉಪಕರಣಗಳ ಪ್ಲಗ್ ಒಂದೊಂದಾಗಿ ಕೀಳುತ್ತಾ ಹೋದರೆ ಯಾವುದು ಸೋರುತ್ತಿದೆ ಅಂತ ಸಿಗುತ್ತದೆ, ಹಲವು ಸಲ ಅದು ನೀರು ಕಾಯಿಸುವ ಕಾಯಿಲ್. ಪ್ರತಿ ಸಲವೂ ಹೊರಗಿನ ಕರೆಂಟ್ ತೆಗೆದೇ ಪ್ಲಗ್ ಮುಟ್ಟಿ. ಇನ್ವರ್ಟರಿನಲ್ಲೂ ಬರುತ್ತಿದ್ದರೆ ಎಲೆಕ್ಟ್ರಿಷಿಯನ್ ಕೈಗೆ ಬಿಡಿ. ಏನೇ ಆಗಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್), ಸರಿಯಾದ ಅರ್ತ್ ಇಲ್ಲದೆ ಆ ಗಾಡಿಗೆ ಹೊರಗಿನ ಕರೆಂಟ್ ಕೊಡಬಾರದು. ಮಳೆಗಾಲದಲ್ಲಿ ಜುಂ ಅನ್ನುವುದು ಜುಂನಲ್ಲೇ ನಿಲ್ಲುವುದಿಲ್ಲ.

ಕಾಗದ ಪತ್ರ

ಆರ್‌ಸಿಯಲ್ಲಿ ಬಾಡಿ ಯಾವ ಥರ ಅಂತ ಬರೆದಿದೆ ನೋಡಿ. ಪ್ರಯಾಣಿಕರ ಗಾಡಿಯಾಗಿ ನೋಂದಣಿ ಆಗಿದ್ದನ್ನು ಆರ್‌ಟಿಒ ಒಪ್ಪಿಗೆ ಇಲ್ಲದೆ ಮಾರ್ಪಡಿಸಿದ್ದರೆ ಅದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ. ಇದು ಬರೀ ದಂಡದ ಮಾತಲ್ಲ. ಅಪಘಾತವಾದಾಗ ಇನ್ಶೂರೆನ್ಸಿನವರು ಮೊದಲು ಎತ್ತುವ ತಕರಾರೇ ಇದು. ಸೀಟುಗಳ ಸಂಖ್ಯೆ ಆರ್‌ಸಿಯಲ್ಲಿ ಇರುವಷ್ಟೇ ಗಾಡಿಯಲ್ಲಿ ಇದೆಯಾ, ಪಾಲಿಸಿಯಲ್ಲಿ ಮಾರ್ಪಾಡು ತೋರಿಸಿದ್ದಾರಾ, ಬೇರೆ ರಾಜ್ಯದ ಗಾಡಿಯಾದರೆ ಎನ್‌ಒಸಿ ಇದೆಯಾ ಅಂತ ವಿಚಾರಿಸಿ. ಅಡ್ವಾನ್ಸ್ ಕೊಡುವ ಮುಂಚೆಯೇ ವಿಚಾರಿಸಿ.

ಬೆಲೆ ಮಾತು

ಇಷ್ಟು ಆದ ಮೇಲೆ ಹಾಳೆಯನ್ನು ಮತ್ತೆ ಬರೆಯಿರಿ, ಈ ಸಲ ಲಕ್ಷಣದ ಬದಲು ಕಾರಣದ ಹೆಸರಿನಲ್ಲಿ. ಚಾಸಿ ತುಕ್ಕು, ಕಾಗದವಿಲ್ಲದ ಮಾರ್ಪಾಡು, ಖಾಲಿ ಇದ್ದಾಗಲೇ ಮಿತಿಗೆ ಮುಟ್ಟಿದ ತೂಕ, ಈ ಮೂರಕ್ಕೆ ಬೆಲೆ ಇಳಿಸಿಕೊಂಡು ಪ್ರಯೋಜನ ಇಲ್ಲ, ದುಡ್ಡು ಉಳಿದರೂ ದೋಷ ಉಳಿಯುತ್ತದೆ. ಗ್ಯಾಸ್ ಗೂಡು, ಬೆಲ್ಟಿನ ಬುಡ, ಬ್ರೇಕು, ಬ್ಯಾಟರಿ ಫ್ಯೂಸ್, ಅರ್ತ್, ಇವು ಸರಿಹೋಗುವಂಥವು, ಆದರೆ ಸರಿಯಾದ ಮೇಲೆಯೇ ಕುಟುಂಬ ಹತ್ತಬೇಕು. ಉಳಿದದ್ದಕ್ಕೆ ಧಾರಾಳವಾಗಿ ಚೌಕಾಸಿ ಮಾಡಿ.

ಮಾರುವವರೇ ರಿಪೇರಿ ಮಾಡಿಸಿಕೊಡುತ್ತೇವೆ ಅಂದರೆ ಮುಚ್ಚುವ ಮುಂಚೆ ಕರೆಯಲು ಹೇಳಿ. ಕುಶನ್ ಹಾಕಿ, ಪ್ಯಾನಲ್ ಜೋಡಿಸಿ, ಬಣ್ಣ ಹೊಡೆದ ಮೇಲೆ ತೋರಿಸಿದರೆ ಬೆಲ್ಟಿನ ಬೋಲ್ಟ್ ಉಕ್ಕಿಗೆ ಹೋಗಿದೆಯೋ ಮತ್ತೆ ಮರಕ್ಕೋ ಅಂತ ಗೊತ್ತಾಗುವುದಿಲ್ಲ. ಹಳೆಯ ಬಿಡಿಭಾಗಗಳನ್ನು ಇಟ್ಟಿರಲು ಹೇಳಿ, ಬಿಲ್ ಕೇಳಿ, ಆಮೇಲೆ ಸೋಪಿನ ನೀರು, ಪಂಪಿನ ಸದ್ದು, ಪೆಡಲ್, ಮೀಟರ್ ಎಲ್ಲ ಪರೀಕ್ಷೆಯನ್ನೂ ಮೊದಲಿನಿಂದ ಮಾಡಿ. ನೀರು ತುಂಬಿಸಿ, ಸಾಮಾನು ಹಾಕಿ, ಮನೆಯವರನ್ನೆಲ್ಲ ಕೂರಿಸಿ ಇನ್ನೊಂದು ಸಲ ವೇ ಬ್ರಿಡ್ಜ್‌ಗೆ ಹೋಗಿ ಬನ್ನಿ. ತೀರ್ಥಹಳ್ಳಿಯವರು ಈಗ ಆ ಹಂತದಲ್ಲಿದ್ದಾರೆ. ಗ್ಯಾಸ್ ಗೂಡು ಹೊರಗಿನ ಬಾಗಿಲಿಗೆ ಬಂತು, ಕೊಳೆತ ನೆಲ ಕಿತ್ತಾಯಿತು, ತಗಡು ಗಟ್ಟಿ ಇತ್ತು, ಬೆಲ್ಟಿಗೆ ಉಕ್ಕಿನ ಪ್ಲೇಟ್ ಕೂರಿಸುವ ಕೆಲಸ ನಡೆಯುತ್ತಿದೆ. ಬಾಕಿ ದುಡ್ಡು ಕೊಡುವುದು ಎರಡನೇ ತೂಕದ ಚೀಟಿ ಬಂದ ಮೇಲೆ ಅಂತ ಕರಾರಿನಲ್ಲಿ ಬರೆಸಿದ್ದಾರೆ.